ಹಳೆ ಟರ್ಬೊ ಕಾರು ಮಾರಾಟಕ್ಕಿದೆ: ಜಾಹೀರಾತಿನ ಒಂದೊಂದು ಪದ ಬಿಚ್ಚಿದರೆ

ಹೋದ ತಿಂಗಳು ಒಂದು ರಾತ್ರಿ ಊಟಕ್ಕೆ ಕೂತಿದ್ದೆ, ಫೋನ್ ಟಿಣ್ ಅಂದಿತು. ನನ್ನ ತಂಗಿಯ ಮಗ ಸದ್ಯ ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿದ್ದಾನೆ. ಪುಣೆಯ ಕಂಪನಿಯೊಂದು ಎರಡು ವರ್ಷಕ್ಕೆ ಅಂತ ಕಳಿಸಿದೆ. ಅವನು ಕಳಿಸಿದ್ದು ಒಂದು ಕಾರಿನ ಫೋಟೊ, ಅದರ ಕೆಳಗೆ ಮಾರಾಟದ ಜಾಹೀರಾತು. ಜೊತೆಗೆ ಎರಡು ಸಾಲು: "ಮಾಮಾ, ಇದನ್ನ ತಗೊಂಡು ಪುಣೆಗೆ ತರಬೇಕಂತ ಮಾಡೀನಿ. ಏನಂತೀರಿ?"

ಜಾಹೀರಾತನ್ನು ಕನ್ನಡಕ್ಕೆ ತಂದರೆ ಇಷ್ಟು: 1979ರ ಪೋರ್ಷೆ 911 ಟರ್ಬೊ, 3.3 ಲೀಟರ್. ಸ್ಲಾಂಟ್‌ನೋಸ್ (ಇಳಿಜಾರು ಮೂತಿಯ) ಬಾಡಿ. ರೇಸಿಂಗ್ ಪರಂಪರೆ. ಬೂಸ್ಟ್ ಏರಿಸಲಾಗಿದೆ, ಸುಮಾರು 400 ಹಾರ್ಸ್‌ಪವರ್. ಮ್ಯಾಚಿಂಗ್ ನಂಬರ್ಸ್. ನಿಜವಾದ ಆಸಕ್ತಿ ಇದ್ದವರು ಮಾತ್ರ ಸಂಪರ್ಕಿಸಿ.

ಪುಣೆಯ ಭೋಸರಿ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ನನ್ನದೊಂದು ಸಣ್ಣ ಮಷೀನ್ ಶಾಪ್ ಇದೆ. ಗೋಕಾಕ ಬಿಟ್ಟು ಬಂದು ಇಪ್ಪತ್ತೆಂಟು ವರ್ಷವಾಯಿತು. ಲೇಥ್ ಕೆಲಸ, ಗ್ರೈಂಡಿಂಗ್, ನಡುನಡುವೆ ಟ್ರಕ್ಕಿನ ಟರ್ಬೊ ಬಿಚ್ಚುವುದು. ಪೋರ್ಷೆ ನನ್ನ ಶಾಪಿಗೆ ಇವತ್ತಿನವರೆಗೂ ಬಂದಿಲ್ಲ, ಬರುವ ಲಕ್ಷಣವೂ ಇಲ್ಲ. ಆದರೆ ಲೋಹದ ಬುದ್ಧಿ ಎಲ್ಲ ಕಡೆ ಒಂದೇ. ಟ್ರಕ್ಕಿನ ಟರ್ಬೊ ಯಾಕೆ ಸಾಯುತ್ತದೋ ಪೋರ್ಷೆಯದೂ ಅದೇ ಕಾರಣಕ್ಕೆ ಸಾಯುತ್ತದೆ. ಆ ಐದಾರು ಸಾಲಿನಲ್ಲಿ ಒಂದಕ್ಕೊಂದು ಆಗದ ಮಾತುಗಳು ಒಟ್ಟಿಗೆ ಕೂತಿದ್ದವು. "ರೇಸಿಂಗ್ ಪರಂಪರೆ" ಅಂದರೆ ಬೆಲೆ ಮೇಲೆ ಹೋಗುತ್ತದೆ. "ಬೂಸ್ಟ್ ಏರಿಸಲಾಗಿದೆ" ಅಂದರೆ ಸಾಮಾನ್ಯವಾಗಿ ಕೆಳಗೆ ಬರುತ್ತದೆ. ಮಾರುವವನು ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿದ್ದ. ಅಳಿಯನಿಗೆ ಅಂದು ರಾತ್ರಿ ಫೋನಿನಲ್ಲಿ ಹೇಳಿದ್ದನ್ನೇ ಸ್ವಲ್ಪ ಸರಿಮಾಡಿ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಟರ್ಬೊ. ಕಮ್ಮಾರನ ಕುಲುಮೆ ನೋಡಿದವರಿಗೆ ಅರ್ಧ ವಿಷಯ ಆಗಲೇ ಗೊತ್ತು. ಇದ್ದಿಲು ಅಷ್ಟೇ ಇರುತ್ತದೆ, ತಿದಿ ಒತ್ತಿದರೆ ಬೆಂಕಿ ಭಗ್ ಅನ್ನುತ್ತದೆ. ಗಾಳಿ ಜಾಸ್ತಿ ಸಿಕ್ಕರೆ ಜಾಸ್ತಿ ಇಂಧನ ಸುಡಬಹುದು. ಎಂಜಿನ್ನಿಗೂ ಇದೇ ಲೆಕ್ಕ. ಸಾಮಾನ್ಯ ಎಂಜಿನ್ ಪಿಸ್ಟನ್ ಕೆಳಗಿಳಿದಾಗ ಎಷ್ಟು ಗಾಳಿ ಎಳೆದುಕೊಳ್ಳುತ್ತದೋ ಅಷ್ಟರಲ್ಲೇ ಸಂಸಾರ ಮಾಡಬೇಕು. ಟರ್ಬೊ ಇದ್ದರೆ ಗಾಳಿಯನ್ನು ಒತ್ತಿ ಒಳಗೆ ತುಂಬುತ್ತದೆ.

ಆ ತಿದಿಯನ್ನು ಒತ್ತುವವರು ಯಾರು? ಸುಮ್ನೆ ಹೊರಗೆ ಹೋಗುವ ಹೊಗೆಯೇ ಒತ್ತುತ್ತದೆ. ಸೈಲೆನ್ಸರ್ ಕಡೆಗೆ ಹೋಗುವ ಬಿಸಿ ಅನಿಲದ ದಾರಿಯಲ್ಲಿ ಒಂದು ಸಣ್ಣ ಚಕ್ರ. ಅದು ಕೂತ ಶಾಫ್ಟ್ ಎಂಬ ಸಣ್ಣ ಸರಳಿನ ಇನ್ನೊಂದು ತುದಿಗೆ ಇನ್ನೊಂದು ಚಕ್ರ, ಅದು ತಾಜಾ ಗಾಳಿಯನ್ನು ಎಂಜಿನ್ನಿಗೆ ತಳ್ಳುತ್ತದೆ. ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಆಲ್‌ಫ್ರೆಡ್ ಬ್ಯೂಖಿ 1905ರಲ್ಲೇ ಇದಕ್ಕೆ ಪೇಟೆಂಟ್ ತೆಗೆದುಕೊಂಡಿದ್ದ. ಪೆಟ್ರೋಲ್ ಕಾರುಗಳಲ್ಲಿ ಮಾರಾಟಕ್ಕೆ ಬರುವಷ್ಟರಲ್ಲಿ 1962 ಆಗಿತ್ತು. ಅಮೆರಿಕದ ಓಲ್ಡ್ಸ್‌ಮೊಬೈಲ್ ಮತ್ತು ಷೆವರ್ಲೆ ಅದೇ ವರ್ಷ ಒಂದೊಂದು ಟರ್ಬೊ ಕಾರು ತಂದವು. ಎರಡೂ ಬಹಳ ದಿನ ನಡೆಯಲಿಲ್ಲ. ಯುರೋಪಿನಲ್ಲಿ 1973ರಲ್ಲಿ ಬಿಎಂಡಬ್ಲ್ಯು 2002 ಟರ್ಬೊ ಬಂತು. ಅದರ ಮುಂಭಾಗದಲ್ಲಿ "ಟರ್ಬೊ" ಅಂತ ಉಲ್ಟಾ ಬರೆದಿದ್ದರು, ಮುಂದಿನ ಗಾಡಿಯವನಿಗೆ ಕನ್ನಡಿಯಲ್ಲಿ ನೆಟ್ಟಗೆ ಕಂಡು ದಾರಿ ಬಿಡಲಿ ಅಂತ. ನಮ್ಮ ಆಂಬುಲೆನ್ಸ್ ಮೇಲೆ ಬರೆಯುತ್ತಾರಲ್ಲ, ಹಾಗೆ. ಅದೇ ವರ್ಷ ತೈಲ ಬಿಕ್ಕಟ್ಟು ಬಂದು ಆ ಕಾರಿನ ಕಥೆಯೂ ಬೇಗ ಮುಗಿಯಿತು.

ಈಗ ಆ ಶಾಫ್ಟಿನ ವಿಷಯ. ಇಲ್ಲಿ ಸ್ವಲ್ಪ ನಿಲ್ಲುತ್ತೇನೆ, ಯಾಕೆಂದರೆ ಹಳೆ ಟರ್ಬೊ ಕಾರು ಕೊಳ್ಳುವವರು ನೋಡಬೇಕಾದ ಜಾಗ ಇದೇ. ನನ್ನ ಮೇಜಿನ ಡ್ರಾಯರಿನಲ್ಲಿ ಸತ್ತುಹೋದ ಒಂದು ಟರ್ಬೊ ಶಾಫ್ಟ್ ಇದೆ. ಬೆಳಗಾವಿ ಕಡೆಯ ಒಂದು ಟ್ರಕ್ಕಿನದು. ಹೆಬ್ಬೆರಳಿಗಿಂತ ಸಣ್ಣ. ಬುಷ್ (ಶಾಫ್ಟ್ ಒಳಗೆ ತಿರುಗುವ ಉಂಗುರ) ಕೂರುವ ಜಾಗದಲ್ಲಿ ನೀಲಿ ಬಣ್ಣ ತಿರುಗಿದೆ. ಉಕ್ಕು ಹಾಗೆ ನೀಲಿಯಾಗಬೇಕಾದರೆ ಸುಮಾರು 300 ಡಿಗ್ರಿ ಶಾಖ ಕಂಡಿರಬೇಕು. ಅಷ್ಟು ಹೊತ್ತಿಗೆ ಅಲ್ಲಿ ಎಣ್ಣೆ ಇರಲಿಲ್ಲ ಅಂತ ಅರ್ಥ. ಬುಷ್ ಹೊರತೆಗೆದಾಗ ಎಣ್ಣೆಯ ಸಣ್ಣ ತೂತಿನಲ್ಲಿ ಕರಿ ಕಿಟ್ಟ ಕೂತಿತ್ತು. ಹಾಲು ಸೀದು ಪಾತ್ರೆಯ ತಳಕ್ಕೆ ಅಂಟುತ್ತದಲ್ಲ, ಹಾಗೆ. ಸೂಜಿ ಹಾಕಿ ಕೆದಕಿದರೂ ಬರಲಿಲ್ಲ.

ಇದು ಆಗುವುದು ಹೇಗೆ? ಟರ್ಬೊ ಶಾಫ್ಟ್ ನಿಮಿಷಕ್ಕೆ 1 ಲಕ್ಷ ಸುತ್ತು ದಾಟುತ್ತದೆ. ಆ ವೇಗದಲ್ಲಿ ಲೋಹ ಲೋಹವನ್ನು ಮುಟ್ಟುವ ಹಾಗೇ ಇಲ್ಲ. ಶಾಫ್ಟ್ ತೇಲುವುದು ಎಣ್ಣೆಯ ತೆಳು ಪದರದ ಮೇಲೆ. ಪೆಟ್ರೋಲ್ ಎಂಜಿನ್ ಜೋರಾಗಿ ಓಡಿಸಿದಾಗ ಬಿಸಿ ಚಕ್ರದ ಕಡೆ 900 ಡಿಗ್ರಿಯ ಆಸುಪಾಸಿನ ಅನಿಲ ಬರುತ್ತದೆ. ಹಾಗೆ ಓಡಿಸಿ ತಂದು ಒಮ್ಮೆಲೇ ಎಂಜಿನ್ ಆಫ್ ಮಾಡಿದರೆ ಎಣ್ಣೆ ಪಂಪು ನಿಲ್ಲುತ್ತದೆ. ಶಾಫ್ಟಿನ ಸುತ್ತ ಉಳಿದ ಎಣ್ಣೆ ಅಲ್ಲೇ ಸುಟ್ಟು ಕಿಟ್ಟವಾಗುತ್ತದೆ. ಮುಂದಿನ ಸಲ ಎಣ್ಣೆ ಬರುವ ದಾರಿ ಸ್ವಲ್ಪ ಕಟ್ಟಿರುತ್ತದೆ. ಹೀಗೆ ನೂರು ಸಲ ಆದರೆ ನನ್ನ ಡ್ರಾಯರಿನ ಶಾಫ್ಟ್. ಇವತ್ತಿನ ಬಹಳಷ್ಟು ಕಾರುಗಳ ಟರ್ಬೊಗೆ ನೀರಿನ ಕೂಲಿಂಗ್ ಇದೆ. 70ರ ದಶಕದ ಆ ಪೋರ್ಷೆಗೆ ಎಂಜಿನ್ನಿಗೇ ನೀರಿಲ್ಲ, ಗಾಳಿಯಲ್ಲಿ ಮತ್ತು ಎಣ್ಣೆಯಲ್ಲಿ ತಣ್ಣಗಾಗುವ ಎಂಜಿನ್. ಅದಕ್ಕೇ ಹಳೇ ಟರ್ಬೊ ಮಾಲೀಕರು ಗಾಡಿ ನಿಲ್ಲಿಸಿದ ಮೇಲೆ ಎಂಜಿನ್ ಒಂದೆರಡು ನಿಮಿಷ ಸುಮ್ನೆ ಓಡಲು ಬಿಡುತ್ತಾರೆ. ನಮ್ಮ ಹಳೇ ಟ್ರಕ್ ಡ್ರೈವರುಗಳೂ ಅಷ್ಟೇ. ಢಾಬಾ ಮುಂದೆ ನಿಲ್ಲಿಸಿ, ಇಳಿದು, ಬೀಡಿ ಹಚ್ಚಿ, ಆಮೇಲೆ ಹತ್ತಿ ಆಫ್ ಮಾಡುತ್ತಾರೆ.

ಪರೀಕ್ಷೆ ಕಷ್ಟವಿಲ್ಲ. ತಣ್ಣಗಿರುವಾಗ ಗಾಳಿ ಬರುವ ಕಡೆಯ ಹೋಸ್ ಬಿಚ್ಚಿ, ಚಕ್ರದ ಮಧ್ಯದ ತುದಿಯನ್ನು ಎರಡು ಬೆರಳಲ್ಲಿ ಹಿಡಿಯಬೇಕು. ಅಕ್ಕಪಕ್ಕ ಒಂದು ಕೂದಲೆಳೆ ಅಲುಗಾಡಿದರೆ ಹೆದರಬೇಡಿ, ಎಣ್ಣೆ ಪದರಕ್ಕೆ ಜಾಗ ಬೇಕಲ್ಲ. ಹಿಂದೆ ಮುಂದೆ ಎಳೆದಾಗ ಟಕ್ ಟಕ್ ಅಂದರೆ ಕೆಲಸ ಕೆಟ್ಟಿದೆ. ಚಕ್ರದ ರೆಕ್ಕೆಗಳು ಗೂಡಿಗೆ ಉಜ್ಜಿದ ಗೀರು ಕಂಡರಂತೂ ಮುಗಿಯಿತು. ಇನ್ನು ಹೊಗೆ. ಈ ಪೋರ್ಷೆಯ ಸಿಲಿಂಡರುಗಳು ಅಡ್ಡ ಮಲಗಿರುವುದರಿಂದ ರಾತ್ರಿಯಿಡೀ ನಿಂತಾಗ ಸ್ವಲ್ಪ ಎಣ್ಣೆ ಸಿಲಿಂಡರಿಗೆ ಇಳಿಯುತ್ತದೆ. ಬೆಳಿಗ್ಗೆ ಮೊದಲ ಸ್ಟಾರ್ಟಿಗೆ ಒಂದು ಮೋಡ ನೀಲಿ ಹೊಗೆ ಬಂದರೆ ಅದು ಅದರ ಸ್ವಭಾವ. ಬಿಸಿಯಾದ ಮೇಲೆ, ಸಿಗ್ನಲ್ಲಿನಲ್ಲಿ ನಿಂತು ಮತ್ತೆ ಹೊರಟಾಗ ನೀಲಿ ಹೊಗೆ ಬಂದರೆ ಅದು ಕಾಯಿಲೆ.

ಈಗ ಜಾಹೀರಾತಿನ "ಬೂಸ್ಟ್ ಏರಿಸಲಾಗಿದೆ" ಎಂಬ ಮಾತಿಗೆ ಬರೋಣ. ನಮ್ಮ ಸುತ್ತಲಿನ ಗಾಳಿಯ ಒತ್ತಡ ಸರಿಸುಮಾರು 1 ಬಾರ್. ಈ ಕಾರಿಗೆ ಕಂಪನಿ ಇಟ್ಟ ಬೂಸ್ಟ್, ಅಂದರೆ ಟರ್ಬೊ ಅದರ ಮೇಲೆ ಸೇರಿಸುವ ಒತ್ತಡ, 0.8 ಬಾರ್. ಅಂದರೆ ಎಂಜಿನ್ ಒಳಗೆ 1.8 ಬಾರ್ ಒತ್ತಡದ ಗಾಳಿ. ಅದರಿಂದಲೇ 3.3 ಲೀಟರ್ ಎಂಜಿನ್ನಿಗೆ 300 ಹಾರ್ಸ್‌ಪವರ್ ಬರುತ್ತಿತ್ತು. ಬೂಸ್ಟ್ ಮಿತಿ ಮೀರದಂತೆ ಕಾಯುವುದು ವೇಸ್ಟ್‌ಗೇಟ್ ಎಂಬ ಬಾಗಿಲು. ಒತ್ತಡ ಜಾಸ್ತಿಯಾದರೆ ಅದು ತೆರೆದು ಹೊಗೆಯನ್ನು ಚಕ್ರಕ್ಕೆ ತಾಗದಂತೆ ಪಕ್ಕಕ್ಕೆ ಕಳಿಸುತ್ತದೆ. ಕುಕ್ಕರಿನ ಸೀಟಿಯ ಕೆಲಸ. ಅದರೊಳಗೊಂದು ಸ್ಪ್ರಿಂಗ್ ಇದೆ. ಗಟ್ಟಿ ಸ್ಪ್ರಿಂಗ್ ಹಾಕಿದರೆ ಬಾಗಿಲು ತಡವಾಗಿ ತೆರೆಯುತ್ತದೆ, ಬೂಸ್ಟ್ 1 ಬಾರ್ ದಾಟುತ್ತದೆ, ಪವರ್ ಏರುತ್ತದೆ. ಒಂದು ಮಧ್ಯಾಹ್ನದ ಕೆಲಸ, ಚಿಲ್ಲರೆ ಖರ್ಚು. ಟರ್ಬೊ ಕಾರುಗಳನ್ನು ಜನ ಇಷ್ಟೊಂದು ಮಾಡಿಫೈ ಮಾಡುವುದಕ್ಕೆ ಕಾರಣವೇ ಇದು.

ಕುಕ್ಕರಿನ ಸೀಟಿಯ ಮೇಲೆ ಕಲ್ಲಿಟ್ಟರೆ ಅನ್ನ ಬೇಗ ಬೇಯಬಹುದು, ಆದರೆ ಯಾರೂ ಇಡುವುದಿಲ್ಲ, ಅಲ್ವಾ? ಸೈಕಲ್ಲಿಗೆ ಗಾಳಿ ಹೊಡೆಯುವಾಗ ಪಂಪಿನ ತುದಿ ಬಿಸಿಯಾಗುವುದನ್ನು ಎಲ್ಲರೂ ಮುಟ್ಟಿ ನೋಡಿರುತ್ತಾರೆ. ಒತ್ತಿದ ಗಾಳಿ ಬಿಸಿಯಾಗುತ್ತದೆ. 30 ಡಿಗ್ರಿಯ ಗಾಳಿಯನ್ನು 1.8 ಪಟ್ಟು ಒತ್ತಿದರೆ ಆ ಕಾಲದ ಟರ್ಬೊದಲ್ಲಿ ಅದು 100 ಡಿಗ್ರಿ ದಾಟಿ ಹೊರಗೆ ಬರುತ್ತದೆ. ಬಿಸಿ ಗಾಳಿ ಸಿಲಿಂಡರಿಗೆ ಹೋದರೆ ಕಿಡಿ ಹಚ್ಚಿದ ಬೆಂಕಿ ತಲುಪುವ ಮೊದಲೇ, ಬೇಡದ ಜಾಗದಲ್ಲಿ ಪೆಟ್ರೋಲ್ ತಾನಾಗೇ ಹೊತ್ತಿಕೊಳ್ಳುತ್ತದೆ. ಇದಕ್ಕೇ ನಾಕಿಂಗ್ ಅನ್ನುವುದು. ಹೊರಗೆ ಕೇಳುವುದು ಸಣ್ಣ ಕಟಕಟ ಸದ್ದು. ಒಳಗೆ ಪಿಸ್ಟನ್ ಮೇಲೆ ಸುತ್ತಿಗೆ ಪೆಟ್ಟು ಬೀಳುತ್ತಿರುತ್ತದೆ. ಇದನ್ನು ತಡೆಯಲು 1978ರ ಮಾದರಿಯಿಂದ ಪೋರ್ಷೆ ಇಂಟರ್‌ಕೂಲರ್ ಹಾಕಿತು. ಹಿಂದಿನ ದೊಡ್ಡ ರೆಕ್ಕೆಯ ಅಡಿಯಲ್ಲಿ ಕೂರುವ ರೇಡಿಯೇಟರ್‌ನಂಥ ಪೆಟ್ಟಿಗೆ, ಒತ್ತಿದ ಗಾಳಿಯನ್ನು ತಂಪು ಮಾಡಲು. ಆ ರೆಕ್ಕೆಯನ್ನು ಜನ ಬರೀ ಶೋಕಿ ಅಂದುಕೊಳ್ಳುತ್ತಾರೆ.

ಹಾಗಾಗಿ ಬೂಸ್ಟ್ ಏರಿಸಿದ ಕಾರು ಅಂದ ಕೂಡಲೇ ಕೇಳಬೇಕಾದದ್ದು ಉಳಿದದ್ದು ಏನೇನು ಬದಲಾಯಿಸಿದ್ದೀರಿ ಅಂತ. ದೊಡ್ಡ ಇಂಟರ್‌ಕೂಲರ್ ಇದೆಯೋ? ಪೆಟ್ರೋಲ್ ಜಾಸ್ತಿ ಕೊಡುವ ವ್ಯವಸ್ಥೆ? ಸಿಲಿಂಡರ್ ಹೆಡ್ ಹಿಡಿದಿಡುವ ಸ್ಟಡ್‌ಗಳು? ಈ ಎಂಜಿನ್ನಿನ ಹೆಡ್ ಸ್ಟಡ್ ಮುರಿಯುವುದು ಹಳೇ ಪೋರ್ಷೆ ಮೆಕ್ಯಾನಿಕ್‌ಗಳೆಲ್ಲ ಬಲ್ಲ ತಲೆನೋವು. ಬರೀ ಸ್ಪ್ರಿಂಗ್ ಬದಲಾಯಿಸಿ 400 ಅಂತ ಬರೆದಿದ್ದರೆ ಆ 400 ಸಾಲ ಮಾಡಿ ತಂದ ಪವರ್. ತೀರಿಸುವವನು ಮುಂದಿನ ಮಾಲೀಕ. ಬ್ರೇಕಿನ ಬಗ್ಗೆ ಅಷ್ಟು ಚಿಂತೆ ಬೇಡ. 3.3ಕ್ಕೆ ಪೋರ್ಷೆ ತನ್ನ 917 ರೇಸ್ ಕಾರಿನ ಬ್ರೇಕುಗಳಿಂದ ಬೆಳೆಸಿದ ಬ್ರೇಕ್ ಹಾಕಿತ್ತು. ಡಿಸ್ಕ್ ಸವೆದಿಲ್ಲವೇ ನೋಡಿಕೊಂಡರೆ ಸಾಕು.

ಇನ್ನೊಂದು ಮಾತು, ಓಡಿಸುವವನ ಜೀವಕ್ಕೆ ಸಂಬಂಧಪಟ್ಟದ್ದು. ಹಳೇ ಟರ್ಬೊ ಕಾರಿನಲ್ಲಿ ಕಾಲು ಒತ್ತಿದ ಕೂಡಲೇ ಪವರ್ ಬರುವುದಿಲ್ಲ. ಹೊಗೆ ಹೆಚ್ಚಾಗಬೇಕು, ಭಾರದ ಚಕ್ರ ವೇಗ ಹಿಡಿಯಬೇಕು, ಆಮೇಲೆ ಗಾಳಿ. ಇದನ್ನು ಲ್ಯಾಗ್ ಅನ್ನುತ್ತಾರೆ. ಖಂಬಾಟ್ಕಿ ಘಾಟ್ ಹತ್ತುವಾಗ ಮುಂದಿನ ಟ್ರಕ್ಕಿನ ಸದ್ದು ಕೇಳಿದ್ದೀರಾ? ಮೊದಲು ಬರೀ ಗುರ್ರ್ ಅನ್ನುತ್ತದೆ, ಸ್ವಲ್ಪ ಹೊತ್ತಿನ ಮೇಲೆ ಸುಂಯ್ ಅಂತ ಸೀಟಿ ಏರುತ್ತದೆ, ಆಗ ಟ್ರಕ್ ಮುಂದೆ ಜರುಗುತ್ತದೆ. ಟ್ರಕ್ಕಿನಲ್ಲಿ ಅದು ತಮಾಷೆ. 911ರ ಎಂಜಿನ್ ಇರುವುದು ಹಿಂದಿನ ಚಕ್ರಗಳಿಗಿಂತಲೂ ಹಿಂದೆ. ತಿರುವಿನಲ್ಲಿ ಕಾಲು ಒತ್ತುತ್ತೀರಿ, ಏನೂ ಆಗುವುದಿಲ್ಲ. ಇನ್ನಷ್ಟು ಒತ್ತುತ್ತೀರಿ. ತಿರುವಿನ ನಡುವೆ ಪೂರ್ತಿ ಪವರ್ ಒಮ್ಮೆಲೇ ಬೀಳುತ್ತದೆ. ಹೆದರಿ ಕಾಲು ತೆಗೆದರೆ ಹಿಂಭಾಗ ಹಗುರಾಗಿ ಬೀಸಿಕೊಂಡು ಮುಂದೆ ಬರುತ್ತದೆ. ಆ ಕಾರಿಗೆ ಅಲ್ಲಿನ ಜನ "ಹೆಂಡತಿಯರನ್ನು ವಿಧವೆ ಮಾಡುವ ಕಾರು" ಅಂತ ಅಡ್ಡಹೆಸರಿಟ್ಟದ್ದು ಇದಕ್ಕೇ. ಬೂಸ್ಟ್ ಏರಿಸಿದರೆ ಆ ಪೆಟ್ಟು ಇನ್ನೂ ದೊಡ್ಡದು.

ಈಗ ರೇಸಿಂಗ್ ಪರಂಪರೆ. ನನಗೆ ಬಹಳ ಇಷ್ಟವಾದ ಭಾಗ ಇದು, ಯಾಕೆಂದರೆ ಇಡೀ ಕಥೆ ನಡೆದದ್ದು ಒಂದು ಗುಣಾಕಾರದ ಮೇಲೆ.

ಪೋರ್ಷೆ ಟರ್ಬೊವನ್ನು ಕಲಿತದ್ದು ಅಮೆರಿಕದ ಕ್ಯಾನ್-ಆಮ್ ರೇಸುಗಳಲ್ಲಿ. ಅಲ್ಲಿ ಎಂಜಿನ್ ಗಾತ್ರಕ್ಕೆ ಮಿತಿ ಇರಲಿಲ್ಲ. 1972ರಲ್ಲಿ ಟರ್ಬೊ ಹಾಕಿದ 917/10 ಚಾಂಪಿಯನ್ ಆಯಿತು. 1973ರಲ್ಲಿ 917/30 ಬಂತು, 1,100ಕ್ಕಿಂತ ಜಾಸ್ತಿ ಹಾರ್ಸ್‌ಪವರ್. ಮಾರ್ಕ್ ಡೊನೊಹ್ಯೂ ಅದರಲ್ಲಿ 8 ರೇಸುಗಳ ಪೈಕಿ 6 ಗೆದ್ದ. ಎದುರಾಳಿಗಳಿಗೆ ಕೈ ಕಟ್ಟಿ ಕೂರುವುದೊಂದೇ ಉಳಿದದ್ದು. ಅಲ್ಲಿ ಕಲಿತ ವೇಸ್ಟ್‌ಗೇಟ್ ಪಾಠವೇ 1974ರ ಅಕ್ಟೋಬರಿನಲ್ಲಿ ಪ್ಯಾರಿಸ್ ಮೇಳದಲ್ಲಿ ತೋರಿಸಿದ ರಸ್ತೆಯ 911 ಟರ್ಬೊಗೆ ಬಂದದ್ದು. ಒಳಗಿನವರು ಅದನ್ನು 930 ಅಂತ ಕರೆಯುತ್ತಾರೆ. ಮೊದಲ 3.0 ಲೀಟರ್ ಮಾದರಿಗೆ 260 ಹಾರ್ಸ್‌ಪವರ್.

ಯುರೋಪಿನಲ್ಲಿ ನಿಯಮ ಬೇರೆ. ಟರ್ಬೊ ಎಂಜಿನ್ ತನ್ನ ಗಾತ್ರಕ್ಕಿಂತ ಜಾಸ್ತಿ ಪವರ್ ಕೊಡುತ್ತದೆ, ಹಾಗಾಗಿ ಅದರ ಗಾತ್ರವನ್ನು 1.4ರಿಂದ ಗುಣಿಸಿ ಲೆಕ್ಕ ಹಿಡಿಯಬೇಕು ಅಂತ ರೇಸ್ ನಿಯಮ. 1974ರಲ್ಲಿ ಮಿತಿ 3 ಲೀಟರ್. ಪೋರ್ಷೆ 2,142 ಸಿಸಿ ಎಂಜಿನ್ ಮಾಡಿತು. ಗುಣಿಸಿ ನೋಡಿ: 2,998.8. ಅಂಚಿಗೆ ತಂದು ನಿಲ್ಲಿಸಿದ್ದಾರೆ! ಆ ಕಾರು 1974ರಲ್ಲಿ ಫ್ರಾನ್ಸಿನ ಲ ಮಾನ್ 24 ಗಂಟೆಗಳ ರೇಸಿನಲ್ಲಿ ಎರಡನೇ ಸ್ಥಾನಕ್ಕೆ ಬಂತು. ಮುಂದೆ 1976ರ 935 ಎಂಬ ರೇಸ್ ಕಾರಿಗೆ 4 ಲೀಟರ್ ವರ್ಗ ಬೇಕಾಗಿತ್ತು. 2,857 ಸಿಸಿ. ಗುಣಿಸಿದರೆ 3,999.8. ಲೇಥ್ ಮೇಲೆ ಮೈಕ್ರಾನ್ ಹಿಡಿಯುವ ಕೆಲಸ ಮಾಡುವವನಿಗೆ ಈ ಲೆಕ್ಕ ನೋಡಿದರೆ ಬಾಯಲ್ಲಿ ನೀರು ಬರುತ್ತದೆ.

ಸ್ಲಾಂಟ್‌ನೋಸ್ ಮೂತಿ ಹುಟ್ಟಿದ್ದೂ ಹೀಗೇ ನಿಯಮ ಪುಸ್ತಕದ ಸಂದಿಯಲ್ಲಿ. 935 ಓಡಿದ ವರ್ಗದಲ್ಲಿ ಮಡ್‌ಗಾರ್ಡುಗಳನ್ನು ಬದಲಾಯಿಸಬಹುದಿತ್ತು. 911ರ ಮುಂದಿನ ಎರಡು ಉಬ್ಬುಗಣ್ಣುಗಳು ಕೂತಿರುವುದು ಮಡ್‌ಗಾರ್ಡಿನ ಮೇಲೇ ಅಲ್ವಾ? ಪೋರ್ಷೆಯ ಎಂಜಿನಿಯರ್ ನಾರ್ಬರ್ಟ್ ಸಿಂಗರ್ ಅದನ್ನು ಓದಿ ಮಡ್‌ಗಾರ್ಡುಗಳನ್ನೇ ಚಪ್ಪಟೆ ಮಾಡಿ, ದೀಪಗಳನ್ನು ಕೆಳಗೆ ಬಂಪರಿಗೆ ಇಳಿಸಿದ. ಗಾಳಿ ಸಲೀಸಾಗಿ ಮೇಲೆ ಹರಿಯಿತು. 1979ರಲ್ಲಿ ಕೊಲೋನ್ ನಗರದ ಕ್ರೆಮರ್ ತಂಡ ತಾನೇ ಮಾರ್ಪಡಿಸಿದ 935 ಕೆ3 ತಂದು ಲ ಮಾನ್ ರೇಸನ್ನೇ ಗೆದ್ದಿತು. ಎರಡನೇ ಸ್ಥಾನವೂ ಒಂದು 935ಕ್ಕೆ. ಅದನ್ನು ಓಡಿಸಿದವರಲ್ಲಿ ಹಾಲಿವುಡ್ ನಟ ಪಾಲ್ ನ್ಯೂಮನ್ ಒಬ್ಬ.

ಇಷ್ಟೆಲ್ಲ ಕೇಳಿದ ಮೇಲೆ ಅಳಿಯ ಖುಷಿಯಾದ. "ಅಂದ್ರ ಪರಂಪರೆ ಖರೇನ ಐತಿ ಅಲ್ರಿ ಮಾಮಾ?"

"ಐತಿ. ಯಾರದು ಅನ್ನೋದ ಪ್ರಶ್ನೆ."

ಪೈಲ್ವಾನರ ಮನೆತನದಲ್ಲಿ ಹುಟ್ಟಿದವರೆಲ್ಲ ಕುಸ್ತಿ ಆಡಿರುವುದಿಲ್ಲ. ಒಂದು ಕಾರು ತಾನೇ ರೇಸಿನಲ್ಲಿ ಓಡಿದ್ದರೆ ಅದರ ಚಾಸಿ ನಂಬರ್ ಎಲ್ಲೋ ದಾಖಲೆಯಲ್ಲಿ ಇರುತ್ತದೆ. ಯಾವ ವರ್ಷ, ಯಾವ ಟ್ರ್ಯಾಕ್, ಯಾರು ಓಡಿಸಿದ್ದು, ಎಷ್ಟನೇ ಸ್ಥಾನ. ಆ ಕಾಲದ ಫೋಟೊ ಸಿಗುತ್ತದೆ. ಹಳೇ ರೇಸ್ ಕಾರುಗಳಿಗೆ ಅಂತರರಾಷ್ಟ್ರೀಯ ಒಕ್ಕೂಟವಾದ ಎಫ್‌ಐಎ ಕೊಡುವ ತಾಂತ್ರಿಕ ಪಾಸ್‌ಪೋರ್ಟ್ ಅಂತಲೂ ಇದೆ. ಇಂಥ ಕಾರಿನ ಮೈಮೇಲಿನ ಗಾಯಕ್ಕೂ ಬೆಲೆ ಬರುತ್ತದೆ. ಅದರ ಕೆಳಗಿನ ಮೆಟ್ಟಿಲಲ್ಲಿ ಇರುವುದು 930ರಂಥ ರಸ್ತೆ ಕಾರುಗಳು. 1976ರ ನಿಯಮದಲ್ಲಿ 934 ರೇಸ್ ಕಾರು ಓಡಬೇಕಾದರೆ ಅದರ ರಸ್ತೆ ರೂಪ 24 ತಿಂಗಳಲ್ಲಿ 400 ತಯಾರಾಗಬೇಕಿತ್ತು. ರೇಸಿಗೋಸ್ಕರ ಹುಟ್ಟಿದ ಮನೆತನ, ಆದರೆ ಈ ಕೂಸು ಅಖಾಡಕ್ಕೆ ಇಳಿದಿಲ್ಲ. ಇದೂ ಸುಳ್ಳಲ್ಲ, ಆದರೆ ಬೆಲೆ ಬೇರೆ. ಇನ್ನು ಕೆಲವಕ್ಕೆ ರೇಸ್ ಕಾರಿನ ಪಟ್ಟೆ, ನಂಬರು, ಎಣ್ಣೆ ಕಂಪನಿಯ ಸ್ಟಿಕರ್ ಮಾತ್ರ ಇರುತ್ತದೆ. ಹೇರ್ ಡ್ರೈಯರ್ ಹಿಡಿದರೆ ಪರಂಪರೆ ಕಳಚಿ ಬರುತ್ತದೆ.

ನಿಜವಾದ ರೇಸ್ ಕಾರಿಗೂ ಒಂದು ತೊಡಕಿದೆ. ರೇಸಿನಲ್ಲಿ ಗುದ್ದುತ್ತವೆ, ಎಂಜಿನ್ ಬದಲಾಗುತ್ತದೆ, ಮಡ್‌ಗಾರ್ಡ್ ಹೋಗುತ್ತದೆ, ಕೆಲವೊಮ್ಮೆ ಇಡೀ ಬಾಡಿಯೇ ಹೊಸದು. ಹಾಗಾದರೆ ಅದು ಅದೇ ಕಾರೇ? ನಮ್ಮೂರ ತೇರಿನ ಗಾಲಿ ನಾನು ಕಂಡಂತೆ ಎರಡು ಸಲ ಬದಲಾಗಿದೆ, ಅಚ್ಚು ಒಮ್ಮೆ. ಆದರೂ ಅದು ಅದೇ ತೇರು, ಯಾಕೆಂದರೆ ಬದಲಾಯಿಸಿದ್ದನ್ನು ಊರೆಲ್ಲ ನಿಂತು ನೋಡಿದೆ. ಕಾರಿಗೆ ಊರಿನ ಜಾಗದಲ್ಲಿ ಕಾಗದ ಇರುತ್ತದೆ. ಗ್ಯಾರೇಜಿನ ಬಿಲ್ಲು, ತಾರೀಕು, ಫೋಟೊ.

"ಮ್ಯಾಚಿಂಗ್ ನಂಬರ್ಸ್" ಅಂದರೆ ಕಾರ್ಖಾನೆಯಿಂದ ಹೊರಟ ದಿನ ಯಾವ ಚಾಸಿಗೆ ಯಾವ ಎಂಜಿನ್ ಇತ್ತೋ ಇವತ್ತೂ ಅದೇ ಇದೆ ಅಂತ. ಈ ಎಂಜಿನ್ನಿನಲ್ಲಿ ನಂಬರ್ ಇರುವುದು ಫ್ಯಾನಿನ ಪಕ್ಕದ ಚಪ್ಪಟೆ ಜಾಗದಲ್ಲಿ. ಫೋಟೊ ತರಿಸಿ ನೋಡಬೇಕು. ಅಂಕಿಗಳ ಸುತ್ತ ಮೇಲ್ಮೈ ಹೇಗಿದೆ? ಉಳಿದೆಡೆ ಎರಕದ ಒರಟು, ನಂಬರ್ ಇರುವ ಕಡೆ ಮಾತ್ರ ಉಜ್ಜಿದ ನುಣುಪು, ಗ್ರೈಂಡರಿನ ಗೆರೆ ಕಂಡರೆ ನಾನು ಅಲ್ಲಿಗೇ ಫೋನ್ ಇಡುತ್ತೇನೆ. ಯಾವ ಎಂಜಿನ್, ಯಾವ ಬಣ್ಣ ಹಾಕಿ ಕಳಿಸಿದ್ದು ಅಂತ ಪೋರ್ಷೆ ಕಂಪನಿಯಿಂದ ದಾಖಲೆ ತರಿಸಿಕೊಳ್ಳಬಹುದು. ಹಾಗಾಗಿ ಇದರಲ್ಲಿ ಮಾತಿನ ಮೇಲೆ ನಂಬುವ ಅಗತ್ಯವೇ ಇಲ್ಲ.

ಈ ಕಾರಿನ ಮೂತಿ ವಿಷಯದಲ್ಲಿ ಒಂದು ಸಣ್ಣ ಲೆಕ್ಕವೂ ಕೈಗೆ ಸಿಕ್ಕಿತು. ಪೋರ್ಷೆ ತಾನೇ ಗಿರಾಕಿಗಳಿಗೆ ಸ್ಲಾಂಟ್‌ನೋಸ್ ಮಾಡಿಕೊಡಲು ಶುರು ಮಾಡಿದ್ದು 1980ರ ದಶಕದಲ್ಲಿ. ಕಾರು 1979ರದು. ಅಂದರೆ ಈ ಮೂತಿ ಹುಟ್ಟಿನಿಂದ ಬಂದದ್ದಲ್ಲ, ಆಮೇಲೆ ಯಾರೋ ಕತ್ತರಿಸಿ ಕೂರಿಸಿದ್ದು. ಯಾರು? ಆ ಕಾಲದಲ್ಲೇ ಹೆಸರುವಾಸಿ ಕೈಗಳು ಮಾಡಿದ್ದರೆ, ಅದರ ಬಿಲ್ಲಿದ್ದರೆ, ಮಾರ್ಪಾಡಿಗೇ ಬೆಲೆ ಬರುತ್ತದೆ. ರೂಫ್ ಅಂತ ಒಂದು ಸಂಸ್ಥೆ ಇದೆ. ಪೋರ್ಷೆ ಬಾಡಿ ತಗೊಂಡು ತನ್ನದೇ ಕಾರು ಕಟ್ಟುತ್ತದೆ, ಜರ್ಮನ್ ಸರ್ಕಾರ ಅದನ್ನು ತಯಾರಕ ಅಂತಲೇ ಒಪ್ಪಿದೆ. 1987ರ ಅದರ ಹಳದಿ ಸಿಟಿಆರ್ ಗಂಟೆಗೆ 330 ಕಿಲೋಮೀಟರ್ ಮೀರಿ ಓಡಿತು. ಅದನ್ನು "ಮಾಡಿಫೈ ಮಾಡಿದ ಹಳೇ ಕಾರು" ಅಂತ ಚೌಕಾಸಿ ಮಾಡಲು ಹೋದರೆ ನಕ್ಕು ಕಳಿಸುತ್ತಾರೆ. ಯಾವುದೋ ಶೆಡ್ಡಿನಲ್ಲಿ ಮಾಡಿದ್ದರೆ ಕಥೆ ಬೇರೆ. ಕಾರ್ಖಾನೆಯಲ್ಲಿ ಮಾಡಿದ ಮಡ್‌ಗಾರ್ಡ್ ಉಕ್ಕಿನವು, ಹೊರಗಿನ ಅನೇಕವು ಫೈಬರ್. ಜೇಬಿನಲ್ಲಿ ಒಂದು ಮ್ಯಾಗ್ನೆಟ್ ಇದ್ದರೆ ಅರ್ಧ ನಿಮಿಷದ ಪರೀಕ್ಷೆ.

ಕತ್ತರಿಸಿದ್ದರಲ್ಲಿ ಇನ್ನೊಂದು ಗುಪ್ತ ರೋಗ. 1976ರ ಹೊತ್ತಿಗೆ 911ರ ಬಾಡಿಗೆ ಸತುವಿನ ಲೇಪ ಬಂದಿತ್ತು, ಅದಕ್ಕೇ ಆ ಕಾಲದ ಬೇರೆ ಕಾರುಗಳಷ್ಟು ಬೇಗ ಅವು ತುಕ್ಕು ಹಿಡಿಯುವುದಿಲ್ಲ. ಆದರೆ ವೆಲ್ಡಿಂಗ್ ಮಾಡಿದ ಜಾಗದಲ್ಲಿ ಸತು ಸುಟ್ಟು ಹೋಗುತ್ತದೆ. ತುಕ್ಕು ಶುರುವಾಗುವುದು ಆ ಗೆರೆಯಿಂದಲೇ, ಪುಟ್ಟಿ ಮತ್ತು ಬಣ್ಣದ ಕೆಳಗೆ. ಹಾಗಾಗಿ ಮಾಡಿಫಿಕೇಶನ್ ಬಗ್ಗೆ ನನ್ನ ಅಳತೆಗೋಲು ಸರಳ: ಸ್ಪ್ಯಾನರ್ ಹಿಡಿದರೆ ಹಿಂದಿನಂತಾಗುತ್ತದೋ, ಗ್ಯಾಸ್ ಕಟರ್ ಬೇಕೋ? ಚಕ್ರ, ಸೈಲೆನ್ಸರ್, ಶಾಕ್ ಅಬ್ಸಾರ್ಬರ್, ಆ ಸ್ಪ್ರಿಂಗ್, ಇವೆಲ್ಲ ಸ್ಪ್ಯಾನರ್ ಲೆಕ್ಕ. ಹಳೇ ಭಾಗಗಳನ್ನು ಡಬ್ಬಿಯಲ್ಲಿಟ್ಟು ಜೊತೆಗೆ ಕೊಟ್ಟರೆ ಬೆಲೆ ಬೀಳುವುದಿಲ್ಲ. ಮೂತಿ ಕತ್ತರಿಸಿದ್ದು ಕತ್ತರಿಸಿದ್ದೇ.

ಕೊನೆಗೆ ಅವನ ನಿಜವಾದ ಪ್ರಶ್ನೆ: ಪುಣೆಗೆ ತರಬಹುದೇ? ಇಲ್ಲಿ ನಾನು ಅವನ ಮನಸ್ಸು ನೋಯಿಸಬೇಕಾಯಿತು. ಭಾರತಕ್ಕೆ ಸೆಕೆಂಡ್ ಹ್ಯಾಂಡ್ ಕಾರು ತರಬೇಕಾದರೆ ಅದು 3 ವರ್ಷಕ್ಕಿಂತ ಹಳೆಯದಿರಬಾರದು, ಸ್ಟೇರಿಂಗ್ ಬಲಗಡೆ ಇರಬೇಕು, ಇಳಿಯುವುದು ಮುಂಬೈ ಬಂದರಿನಲ್ಲೇ. ಮೇಲೆ ಸುಂಕ, ಅದೂ ಕಾರಿನ ಬೆಲೆಯನ್ನೇ ಮೀರುವಂಥದ್ದು. ಬಹಳ ಹಳೇ ಕಾರಿಗೆ ಬೇರೆ ಬಾಗಿಲಿದೆ. ಮೊದಲು 1950ಕ್ಕಿಂತ ಹಿಂದಿನವು ಮಾತ್ರ ಬರುತ್ತಿದ್ದವು, 2025ರಲ್ಲಿ ಅದನ್ನು 50 ವರ್ಷ ತುಂಬಿದ ಕಾರುಗಳಿಗೆ ಅಂತ ಸಡಿಲಿಸಿದರು. 1979ರ ಕಾರಿಗೆ 2029ರವರೆಗೆ ಕಾಯಬೇಕು.

ಕಾದರೂ ಇದಕ್ಕೆ ಆಗುವುದಿಲ್ಲ. 2021ರ ವಿಂಟೇಜ್ ವಾಹನ ನಿಯಮದಲ್ಲಿ 50 ವರ್ಷ ದಾಟಿದ ಕಾರಿಗೆ "ವಿಎ" ಅಕ್ಷರಗಳ ವಿಶೇಷ ನಂಬರ್ ಪ್ಲೇಟ್ ಕೊಡುತ್ತಾರೆ. ಶುಲ್ಕ 20,000 ರೂಪಾಯಿ, 10 ವರ್ಷಕ್ಕೆ. ಷರತ್ತು: ಕಾರು ಮೂಲ ರೂಪದಲ್ಲಿರಬೇಕು, ಚಾಸಿ, ಬಾಡಿ, ಎಂಜಿನ್‌ಗೆ ದೊಡ್ಡ ಮಾರ್ಪಾಡು ಆಗಿರಬಾರದು. ಕತ್ತರಿಸಿದ ಮೂತಿ ಅಲ್ಲೇ ಫೇಲ್. ದಿನಾ ಆಫೀಸಿಗೆ ಓಡಿಸುವಂತೆಯೂ ಇಲ್ಲ, ಪ್ರದರ್ಶನ, ರ‍್ಯಾಲಿ, ಪೆಟ್ರೋಲ್, ರಿಪೇರಿಗೆ ಮಾತ್ರ. ಸಾಮಾನ್ಯ ಪಾಸಿಂಗ್ (ನೋಂದಣಿ) ಮಾಡಿಸೋಣ ಅಂದರೆ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಅಡ್ಡ ಬರುತ್ತದೆ. ಆರ್‌ಸಿಯಲ್ಲಿರುವ ವಿವರ ತಯಾರಕ ಕೊಟ್ಟ ವಿವರಕ್ಕೆ ಹೊಂದದಂತೆ ಗಾಡಿ ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಗಟ್ಟಿ ಮಾಡಿ ಹೇಳಿತು. ಒಂದೊಂದು ಮಾರ್ಪಾಡಿಗೆ 5,000 ರೂಪಾಯಿವರೆಗೆ ದಂಡ ಅಥವಾ 6 ತಿಂಗಳವರೆಗೆ ಜೈಲು. ಜರ್ಮನಿಯಲ್ಲಿ ಹಾಗಲ್ಲ. ಅಲ್ಲಿ ಮಾರ್ಪಾಡನ್ನು ತಪಾಸಣೆಗೆ ಒಡ್ಡಿ ಗಾಡಿಯ ಕಾಗದದಲ್ಲೇ ಬರೆಸಿಕೊಳ್ಳಬಹುದು. 30 ವರ್ಷ ದಾಟಿದ ಕಾರಿಗೆ "ಎಚ್" ಪ್ಲೇಟ್ ಇದೆ, ಆ ಕಾಲದ್ದೇ ಮಾರ್ಪಾಡಾದರೆ ಅದಕ್ಕೂ ಸಿಗುತ್ತದೆ. ಇಲ್ಲಿಯ ನಿಯಮದ ಬಗ್ಗೆ ನನಗೂ ಸಿಟ್ಟಿದೆ, ಆದರೆ ನಮ್ಮ ರಸ್ತೆಯಲ್ಲಿ ರಾತ್ರಿ ಕಣ್ಣಿಗೆ ಹೊಡೆಯುವ ಬಿಳಿ ಲೈಟು ನೋಡಿದಾಗ ಸಿಟ್ಟು ಸ್ವಲ್ಪ ಇಳಿಯುತ್ತದೆ.

ಇದೆಲ್ಲ ದಾಟಿ ಬಂದರೂ ಇಲ್ಲಿಯ ಪೆಟ್ರೋಲಿನಲ್ಲಿ ಈಗ 20 ಶೇಕಡಾ ಎಥನಾಲ್. ಹಳೇ ರಬ್ಬರ್ ಪೈಪು, ಸೀಲುಗಳನ್ನು ಅದು ತಿನ್ನುತ್ತದೆ, ನೀರು ಎಳೆದುಕೊಳ್ಳುತ್ತದೆ. ತಿಂಗಳಿಗೊಮ್ಮೆ ಹೊರಗೆ ತೆಗೆಯುವ ಕಾರಿನ ಟ್ಯಾಂಕಿಗೆ ಅದು ಒಳ್ಳೆಯದಲ್ಲ.

ಅಳಿಯ ಸುಮ್ಮನಾದ. ಆಮೇಲೆ, "ಹಂಗಾರ ಇಲ್ಲೇ ಇಟ್ಕೊಂಡು ಓಡಸ್ತೀನಿ, ಎರಡು ವರ್ಷ ಆದ್ಮ್ಯಾಲ ಮಾರ್ತೀನಿ" ಅಂದ. ಮಾತಿನಲ್ಲಿ ತಪ್ಪಿಲ್ಲ. ಶನಿವಾರ ನೋಡಲು ಹೋಗುವಾಗ ಮ್ಯಾಗ್ನೆಟ್ ಒಯ್ಯಿ, ಫೋನ್ ಚಾಲೂ ಇಡು ಅಂದೆ.

ಶನಿವಾರ ಮಧ್ಯಾಹ್ನ ಶಾಪಿನಲ್ಲಿ ಮಷೀನ್ ಬಂದ್ ಮಾಡಿಸಿ ಫೋನ್ ಕಿವಿಗಿಟ್ಟು ಕೂತೆ. ಮಾರುವವನೇ ಓಡಿಸುತ್ತಿದ್ದ, ಅಳಿಯ ಪಕ್ಕದಲ್ಲಿದ್ದ. ಎಂಜಿನ್ ಸದ್ದು ಏರಿತು, ಒಂದು ಕ್ಷಣ ಏನೂ ಇಲ್ಲ, ಆಮೇಲೆ ಆ ಸುಂಯ್. ಅಳಿಯ ಒಮ್ಮೆಲೇ "ಅಯ್ಯಪ್ಪಾ" ಅಂದ. ಹತ್ತು ನಿಮಿಷ ಹೆದ್ದಾರಿಯ ಮೇಲೆ ಚೆನ್ನಾಗಿ ಬಾರಿಸಿಕೊಂಡು ಬಂದರು. ಗಾಡಿ ನಿಂತದ್ದು ಕೇಳಿಸಿತು. ಅದರ ಬೆನ್ನಿಗೇ ಕೀ ತಿರುಗಿದ ಸದ್ದು, ಎಂಜಿನ್ ಬಂದ್, ಬಾಗಿಲು ಧಡ್.

"ಮಾಮಾ," ಅಂದ ಅಳಿಯ, ದನಿ ಇಳಿಸಿ. "ಬಂದ ಕೂಡ್ಲೇ ಆಫ್ ಮಾಡಿಬಿಟ್ಟಾ ರೀ."

"ಕೇಳಿಸ್ತು," ಅಂದೆ.